ಮಂಡಲ ವಿಶ್ಲೇಷಣೆಯನ್ನು ಕಲಿಸುವ ಬಗೆ: ಒಂದೇ ಮಂಡಲ, ಹಲವು ವಿಧಾನ

ವಿದ್ಯುತ್ ಎಂಜಿನಿಯರಿಂಗ್ ಓದಲು ಹೊಸದಾಗಿ ಬಂದವರಿಗೆ ಮಂಡಲ (ಸರ್ಕ್ಯೂಟ್) ವಿಶ್ಲೇಷಣೆಯ ಪಾಠ ಸಾಮಾನ್ಯವಾಗಿ ಒಂದೇ ಜಾಡಿನಲ್ಲಿ ಸಾಗುತ್ತದೆ. ಓಮ್‌ನ ನಿಯಮ, ಸರಣಿ ಮತ್ತು ಸಮಾಂತರ ಜೋಡಣೆ, ಕಿರ್ಚಾಫ್‌ನ ನಿಯಮಗಳು, ಮೆಶ್, ನೋಡ್, ಸೂಪರ್‌ಪೊಸಿಷನ್, ಥೆವೆನಿನ್, ನಾರ್ಟನ್ ಎಂದು ಅಧ್ಯಾಯಗಳು ಒಂದಾದ ಮೇಲೊಂದು ಬರುತ್ತವೆ. ಪ್ರತಿ ಅಧ್ಯಾಯಕ್ಕೂ ಬೇರೆ ಚಿತ್ರ, ಬೇರೆ ಲೆಕ್ಕ. ಹೀಗೆ ಕಲಿತ ವಿದ್ಯಾರ್ಥಿ ಯಾವ ಅಧ್ಯಾಯದ ಪ್ರಶ್ನೆಗೆ ಯಾವ ಸೂತ್ರ ಎಂಬುದನ್ನು ನೆನಪಿಟ್ಟುಕೊಳ್ಳುತ್ತಾನೆ. ಆದರೆ ಪ್ರಶ್ನೆಯಲ್ಲಿ ವಿಧಾನದ ಹೆಸರು ಇಲ್ಲದಿದ್ದರೆ ಎಲ್ಲಿಂದ ಆರಂಭಿಸಬೇಕೆಂದು ಅವನಿಗೆ ತೋಚುವುದಿಲ್ಲ, ಬಂದ ಉತ್ತರ ಸರಿಯೇ ಎಂದು ತಿಳಿಯಲು ಪುಸ್ತಕದ ಕೊನೆಯ ಪುಟವಲ್ಲದೆ ಬೇರೆ ದಾರಿಯೂ ಇರುವುದಿಲ್ಲ.

ಇಲ್ಲಿ ಸೂಚಿಸುತ್ತಿರುವ ಕ್ರಮ ಬೇರೆ ಬಗೆಯದು. ಒಂದೇ ಒಂದು ಮಂಡಲವನ್ನು ಆರಿಸಿಕೊಂಡು ಅದನ್ನೇ ಎಲ್ಲ ವಿಧಾನಗಳಿಂದ ಬಿಡಿಸಬೇಕು. ನೋಡ್ ಎಂದರೆ ಘಟಕಗಳ ತುದಿಗಳು ಕೂಡುವ ಜಾಗ; ನೋಡ್ ವಿಧಾನವನ್ನು ಎಲ್ಲಕ್ಕಿಂತ ಮೊದಲು, ಗಟ್ಟಿಯಾಗಿ ಕಲಿಸಬೇಕು. ಪ್ರತಿ ಉತ್ತರವನ್ನೂ ಶಕ್ತಿಯ ಲೆಕ್ಕದಿಂದ ತಾಳೆ ನೋಡುವುದನ್ನು ಮೊದಲ ವಾರದಿಂದಲೇ ಅಭ್ಯಾಸ ಮಾಡಿಸಬೇಕು. ಒಂದೇ ಮಂಡಲಕ್ಕೆ ಎಲ್ಲ ವಿಧಾನಗಳೂ ಒಂದೇ ಉತ್ತರ ಕೊಡುವುದನ್ನು ಕಣ್ಣಾರೆ ಕಂಡ ಮೇಲೆ, ಈ ವಿಧಾನಗಳೆಲ್ಲವೂ ಕಿರ್ಚಾಫ್‌ನ ಅದೇ ಎರಡು ನಿಯಮಗಳನ್ನು ಬೇರೆ ಬೇರೆ ರೀತಿಯಲ್ಲಿ ಬರೆಯುವ ಕ್ರಮಗಳೆಂದು ವಿದ್ಯಾರ್ಥಿಗೆ ತಾನಾಗಿ ಅರ್ಥವಾಗುತ್ತದೆ.

ಮಂಡಲವನ್ನು ಆರಿಸುವುದು

ಮಂಡಲ ಹೀಗಿರಲಿ. ಚಿತ್ರದ ಕೆಳಭಾಗದಲ್ಲಿ ಒಂದು ಉದ್ದನೆಯ ತಂತಿ. ಅದು ಆಧಾರ ನೋಡ್, ಅಂದರೆ ಗ್ರೌಂಡ್. ಎಡಗಡೆ 18 ವೋಲ್ಟ್‌ನ ಆಕರ (ಬ್ಯಾಟರಿಯಂಥ ಮೂಲ); ಅದರ ಋಣ ತುದಿ ಗ್ರೌಂಡಿಗೆ ಸೇರಿದೆ, ಧನ ತುದಿ 3 ಕಿಲೋಓಮ್ ರೋಧಕದ ಮೂಲಕ ಮೇಲೆ ನಡುವಿನಲ್ಲಿರುವ ‘ಅ’ ಎಂಬ ನೋಡ್‌ಗೆ ಸೇರಿದೆ. ಅ ನೋಡ್‌ನಿಂದ ಗ್ರೌಂಡಿಗೆ ನೇರವಾಗಿ 12 ಕಿಲೋಓಮ್. ಅ ನೋಡ್‌ನಿಂದ ಬಲಕ್ಕೆ 6 ಕಿಲೋಓಮ್, ಅದರಾಚೆ 6 ವೋಲ್ಟ್‌ನ ಇನ್ನೊಂದು ಆಕರ. ಅದರ ಋಣ ತುದಿಯೂ ಗ್ರೌಂಡಿಗೇ ಸೇರಿದೆ.

ಈ ಅಂಕಿಗಳನ್ನು ಸುಮ್ಮನೆ ಆರಿಸಿದ್ದಲ್ಲ. ಅ ನೋಡ್‌ನ ವೋಲ್ಟೇಜ್ 12 ವೋಲ್ಟ್ ಎಂದೂ ಮೂರು ಕವಲುಗಳ ಪ್ರವಾಹಗಳು 2, 1 ಮತ್ತು 1 ಮಿಲಿಆಂಪಿಯರ್ ಎಂದೂ ಬರುವುದರಿಂದ ಭಿನ್ನರಾಶಿಗಳ ಗೊಂದಲದಲ್ಲಿ ಮುಖ್ಯ ವಿಷಯ ಮರೆಯಾಗುವುದಿಲ್ಲ. ಎರಡು ಆಕರಗಳಿರುವುದರಿಂದ ಸರಣಿ-ಸಮಾಂತರ ಸೂತ್ರಗಳಷ್ಟರಿಂದಲೇ ನೇರವಾಗಿ ಬಿಡಿಸಲು ಆಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, 6 ವೋಲ್ಟ್‌ನ ಆಕರ ಇಲ್ಲಿ ಶಕ್ತಿಯನ್ನು ಕೊಡುವುದಿಲ್ಲ, ಹೀರಿಕೊಳ್ಳುತ್ತದೆ. ಆಕರವೆಂದರೆ ಸದಾ ಕೊಡುವುದೇ ಎಂಬ ತಪ್ಪು ಕಲ್ಪನೆಯನ್ನು ಬೇಗ ಮುರಿಯಬೇಕಾದರೆ ಇಂಥ ಉದಾಹರಣೆ ಬೇಕು.

ವೋಲ್ಟ್, ಕಿಲೋಓಮ್, ಮಿಲಿಆಂಪಿಯರ್ ಈ ಮೂರನ್ನೂ ಒಟ್ಟಿಗೆ ಬಳಸಿದರೆ ಹತ್ತರ ಘಾತಗಳನ್ನು ಬರೆಯಬೇಕಾಗಿಲ್ಲ ಎಂಬುದನ್ನು ಆರಂಭದಲ್ಲೇ ಹೇಳಿಬಿಡಿ. ವೋಲ್ಟನ್ನು ಕಿಲೋಓಮ್‌ನಿಂದ ಭಾಗಿಸಿದರೆ ಮಿಲಿಆಂಪಿಯರ್, ವೋಲ್ಟನ್ನು ಮಿಲಿಆಂಪಿಯರ್‌ನಿಂದ ಗುಣಿಸಿದರೆ ಮಿಲಿವ್ಯಾಟ್.

ಚಿತ್ರವನ್ನು ಓದಲು ಕಲಿಸುವುದು

ಸಮೀಕರಣ ಬರೆಯುವ ಮೊದಲು ನೋಡ್‌ಗಳನ್ನು ಗುರುತಿಸಬೇಕು. ಪ್ರತಿ ನೋಡ್‌ಗೆ ಒಂದು ಬಣ್ಣದ ಪೆನ್ಸಿಲ್ ಕೊಟ್ಟು, ನಡುವೆ ಯಾವ ಘಟಕವೂ ಅಡ್ಡ ಬಾರದೆ ಮುಟ್ಟಬಹುದಾದ ತಂತಿಯನ್ನೆಲ್ಲ ಅದೇ ಬಣ್ಣದಲ್ಲಿ ಬಳಿಯಲು ಹೇಳಿ. ನಮ್ಮ ಮಂಡಲದಲ್ಲಿ ನಾಲ್ಕು ಬಣ್ಣಗಳು ಬರುತ್ತವೆ: ಗ್ರೌಂಡ್, ಅ, ಮತ್ತು ಎರಡು ಆಕರಗಳ ಧನ ತುದಿಗಳು. ಕೆಳಗಿನ ತಂತಿಯ ಮೇಲೆ ಮೂರು ಕಡೆ ಚುಕ್ಕೆಗಳಿದ್ದರೆ ಮೂರು ನೋಡ್‌ಗಳೆಂದು ಎಣಿಸುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಬಣ್ಣ ಬಳಿದ ಕೂಡಲೇ ಆ ತಪ್ಪು ನಿಲ್ಲುತ್ತದೆ.

ಅದಾದ ಮೇಲೆ ಅದೇ ಮಂಡಲವನ್ನು ಬೇರೆ ಆಕಾರದಲ್ಲಿ, ಉದಾಹರಣೆಗೆ ಗ್ರೌಂಡ್ ತಂತಿಯನ್ನು ಮೇಲಕ್ಕೆ ಒಯ್ದು ಅಥವಾ ರೋಧಕಗಳನ್ನು ಓರೆಯಾಗಿ ಇಟ್ಟು, ಮತ್ತೆ ಬರೆಸಬೇಕು. ಚಿತ್ರದ ಆಕಾರ ಬದಲಾದರೂ ಬಣ್ಣಗಳ ಪಟ್ಟಿ ಬದಲಾಗಲಿಲ್ಲವೆಂದರೆ ಮಂಡಲವೂ ಬದಲಾಗಿಲ್ಲ. ಎರಡು ಘಟಕಗಳು ಸಮಾಂತರವಾಗಿವೆಯೇ ಎಂಬ ಪ್ರಶ್ನೆಗೆ ಅವುಗಳ ಎರಡೂ ತುದಿಗಳ ಬಣ್ಣ ಒಂದೇ ಇದೆಯೇ ಎಂದು ನೋಡಿ ಉತ್ತರಿಸಬೇಕೇ ಹೊರತು, ಅವು ಕಾಗದದ ಮೇಲೆ ಅಕ್ಕಪಕ್ಕ ನಿಂತಿವೆಯೇ ಎಂದು ನೋಡಿ ಅಲ್ಲ. ಸರಣಿಗೆ ಪರೀಕ್ಷೆ ಬೇರೆ: ಎರಡು ಘಟಕಗಳು ಸೇರುವ ನೋಡ್‌ನಲ್ಲಿ ಮೂರನೆಯ ಕವಲು ಇರಬಾರದು. ನಮ್ಮ ಚಿತ್ರದಲ್ಲಿ 3 ಮತ್ತು 6 ಕಿಲೋಓಮ್ ಒಂದೇ ಸಾಲಿನಲ್ಲಿ ಕಾಣುತ್ತವೆ, ಆದರೆ ನಡುವೆ 12 ಕಿಲೋಓಮ್‌ನ ಕವಲು ಇರುವುದರಿಂದ ಅವು ಸರಣಿಯಲ್ಲಿಲ್ಲ.

ಚಿಹ್ನೆಗಳು

ಈ ಹಂತಕ್ಕೆ ಎಷ್ಟು ಸಮಯ ಕೊಟ್ಟರೂ ಹೆಚ್ಚಾಗುವುದಿಲ್ಲ. ಹೊಸ ವಿದ್ಯಾರ್ಥಿಗಳ ಉತ್ತರ ಪತ್ರಿಕೆಗಳಲ್ಲಿ ಕಾಣುವ ತಪ್ಪುಗಳಲ್ಲಿ ಬೀಜಗಣಿತದ ತಪ್ಪುಗಳಿಗಿಂತ ಧನ-ಋಣ ಚಿಹ್ನೆಗಳ ತಪ್ಪುಗಳೇ ಹೆಚ್ಚು ಕಾಡುತ್ತವೆ, ಮತ್ತು ಅವುಗಳ ಮೂಲ ಬಹುತೇಕ ಒಂದೇ: ಪ್ರವಾಹದ ದಿಕ್ಕನ್ನು ಚಿತ್ರದ ಮೇಲೆ ಬರೆಯದೆ ಮನಸ್ಸಿನಲ್ಲಿಟ್ಟುಕೊಂಡು ಸಮೀಕರಣ ಬರೆಯುವುದು.

ನಿಯಮ ಸರಳವಾಗಿದೆ. ಪ್ರತಿ ಕವಲಿನ ಮೇಲೂ ಒಂದು ಬಾಣವನ್ನು, ಪ್ರತಿ ಘಟಕದ ಎರಡು ತುದಿಗಳಿಗೂ ಧನ ಮತ್ತು ಋಣ ಗುರುತುಗಳನ್ನು ಮೊದಲು ಬರೆಯಬೇಕು. ಬಾಣವು ಧನ ತುದಿಯಿಂದ ಒಳಹೊಗುವಂತೆ ಬರೆದರೆ, ವೋಲ್ಟೇಜ್ ಮತ್ತು ಪ್ರವಾಹಗಳ ಗುಣಲಬ್ಧವು ಆ ಘಟಕ ಹೀರಿಕೊಳ್ಳುವ ಶಕ್ತಿಯಾಗುತ್ತದೆ. ಉತ್ತರ ಋಣವಾಗಿ ಬಂದರೆ ಘಟಕ ಶಕ್ತಿಯನ್ನು ಕೊಡುತ್ತಿದೆ ಎಂದರ್ಥ. ರೋಧಕಗಳಿಗೂ ಆಕರಗಳಿಗೂ ಇದೇ ಒಂದು ನಿಯಮ ಸಾಕು. ಆಕರಗಳಿಗೆಂದು ಬೇರೆ ನಿಯಮ ಹೇಳಿಕೊಡಲು ಹೋದರೆ ಗೊಂದಲ ಇಮ್ಮಡಿಸುತ್ತದೆ.

ಬಾಣ ಎಂಬುದು ಊಹೆಯಲ್ಲ, ಅಳತೆಯ ದಿಕ್ಕಿನ ಒಪ್ಪಂದ ಮಾತ್ರ ಎಂಬುದನ್ನು ಒತ್ತಿ ಹೇಳಬೇಕು. ಬಲಗಡೆಯ ಕವಲಿನಲ್ಲಿ ಒಬ್ಬರು ಅ ನೋಡ್‌ನಿಂದ ಹೊರಕ್ಕೆ ಬಾಣ ಹಾಕಲಿ, ಇನ್ನೊಬ್ಬರು 6 ವೋಲ್ಟ್‌ನ ಆಕರದಿಂದ ಅ ನೋಡ್‌ನ ಕಡೆಗೆ ಹಾಕಲಿ. ಮೊದಲನೆಯವರಿಗೆ (12 − 6) ÷ 6 = 1 ಮಿಲಿಆಂಪಿಯರ್ ಬರುತ್ತದೆ, ಎರಡನೆಯವರಿಗೆ (6 − 12) ÷ 6 = −1 ಮಿಲಿಆಂಪಿಯರ್. ಇಬ್ಬರೂ ಒಂದೇ ಸಂಗತಿಯನ್ನು ಹೇಳುತ್ತಿದ್ದಾರೆ. ಋಣ ಉತ್ತರ ಕಂಡೊಡನೆ ಹಿಂದಿರುಗಿ ಬಾಣವನ್ನು ಅಳಿಸಿ ತಿರುಗಿಸುವ ಅಭ್ಯಾಸವನ್ನು ಕಟ್ಟುನಿಟ್ಟಾಗಿ ತಡೆಯಿರಿ: ಅರ್ಧ ಲೆಕ್ಕ ಹಳೆಯ ಬಾಣದಲ್ಲಿ, ಉಳಿದರ್ಧ ಹೊಸ ಬಾಣದಲ್ಲಿ ನಡೆದರೆ ಅದನ್ನು ತಿದ್ದುವವರಿಗೂ ತಲೆನೋವು.

ಎಲೆಕ್ಟ್ರಾನ್‌ಗಳು ಎದುರು ದಿಕ್ಕಿನಲ್ಲಿ ಚಲಿಸುತ್ತವಲ್ಲ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಧನ, ಋಣ ಎಂಬ ಹೆಸರುಗಳು ಹದಿನೆಂಟನೆಯ ಶತಮಾನದವು. ಎಲೆಕ್ಟ್ರಾನ್ ಪತ್ತೆಯಾದದ್ದು 1897ರಲ್ಲಿ. ಆ ಹೊತ್ತಿಗೆ ಎಲ್ಲ ಸಮೀಕರಣಗಳೂ ಹಳೆಯ ಒಪ್ಪಂದದಲ್ಲೇ ಬರೆದಾಗಿತ್ತು, ಮತ್ತು ಮಂಡಲದ ಯಾವ ಲೆಕ್ಕವೂ ಅದರಿಂದ ಕೆಡುವುದಿಲ್ಲ. ಇಷ್ಟು ಹೇಳಿ ಮುಂದೆ ಸಾಗಬಹುದು.

ನೋಡ್ ವಿಧಾನ

ಕಿರ್ಚಾಫ್ ತನ್ನ ಎರಡು ನಿಯಮಗಳನ್ನು 1845ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಪ್ರಕಟಿಸಿದ. ಒಂದು ನೋಡ್‌ನಿಂದ ಹೊರಹೋಗುವ ಪ್ರವಾಹಗಳ ಮೊತ್ತ ಸೊನ್ನೆ. ಮುಚ್ಚಿದ ಯಾವುದೇ ಸುತ್ತಿನಲ್ಲಿ ವೋಲ್ಟೇಜ್‌ಗಳ ಮೊತ್ತ ಸೊನ್ನೆ. ಇವನ್ನು ಹೇಳಿ ಮುಗಿಸಿದ ಕೂಡಲೇ ನೋಡ್ ವಿಧಾನಕ್ಕೆ ಹೋಗುವುದು ಒಳ್ಳೆಯದು; ಸರಣಿ-ಸಮಾಂತರ ಸೂತ್ರಗಳು ಕಾಯಬಹುದು.

ನೋಡ್ ವೋಲ್ಟೇಜ್ ಎಂದರೇನು ಎಂಬುದಕ್ಕೆ ಎತ್ತರದ ಹೋಲಿಕೆ ಸಾಕು. ಸ್ಥಳಗಳ ಎತ್ತರವನ್ನು ಸಮುದ್ರಮಟ್ಟದಿಂದ ಅಳೆಯುವಂತೆ ನೋಡ್‌ಗಳ ವೋಲ್ಟೇಜನ್ನು ಗ್ರೌಂಡಿನಿಂದ ಅಳೆಯುತ್ತೇವೆ. ಬೇರೊಂದು ಮಟ್ಟದಿಂದ ಅಳೆದರೆ ಎಲ್ಲ ಅಂಕಿಗಳೂ ಬದಲಾಗುತ್ತವೆ, ಎರಡು ಸ್ಥಳಗಳ ನಡುವಿನ ವ್ಯತ್ಯಾಸ ಬದಲಾಗುವುದಿಲ್ಲ. ಹೀಗೆ ಪ್ರತಿ ನೋಡ್‌ಗೂ ಒಂದೇ ಅಂಕಿಯನ್ನು ಕೊಟ್ಟೊಡನೆ ಯಾವ ಸುತ್ತಿನಲ್ಲಿ ಸುತ್ತಿ ಬಂದರೂ ಹೊರಟ ಅಂಕಿಗೇ ಮರಳುತ್ತೇವೆ, ಆದ್ದರಿಂದ ವೋಲ್ಟೇಜ್ ನಿಯಮ ತಾನಾಗಿಯೇ ಪಾಲನೆಯಾಗುತ್ತದೆ. ಬರೆಯಬೇಕಾದದ್ದು ಪ್ರವಾಹ ನಿಯಮವನ್ನು ಮಾತ್ರ. ನೋಡ್ ವಿಧಾನವನ್ನು ಮೊದಲು ಕಲಿಸಬೇಕೆನ್ನುವುದಕ್ಕೆ ಇದೇ ಬಲವಾದ ಕಾರಣ.

ಬರೆಯುವ ಕ್ರಮವನ್ನು ಒಂದೇ ರೂಪಕ್ಕೆ ಕಟ್ಟಿಹಾಕಿ. ನೋಡ್‌ನಿಂದ ಎಲ್ಲ ಪ್ರವಾಹಗಳೂ ಹೊರಕ್ಕೆ ಹೋಗುತ್ತಿವೆ ಎಂದಿಟ್ಟುಕೊಂಡು, ಪ್ರತಿ ರೋಧಕಕ್ಕೂ ‘ಈ ನೋಡ್‌ನ ವೋಲ್ಟೇಜ್‌ನಿಂದ ಆಚೆ ನೋಡ್‌ನ ವೋಲ್ಟೇಜನ್ನು ಕಳೆದು ರೋಧದಿಂದ ಭಾಗಿಸು’ ಎಂದು ಬರೆಸಿ. ಅ ನೋಡ್‌ನ ವೋಲ್ಟೇಜನ್ನು ‘ವಿ’ ಎಂದು ಕರೆದರೆ:

(ವಿ − 18) ÷ 3 + ವಿ ÷ 12 + (ವಿ − 6) ÷ 6 = 0

ಎಲ್ಲವನ್ನೂ 12ರಿಂದ ಗುಣಿಸಿದರೆ 4ವಿ − 72 + ವಿ + 2ವಿ − 12 = 0, ಅಂದರೆ 7ವಿ = 84, ವಿ = 12 ವೋಲ್ಟ್. ಮೊದಲ ಪದ −2 ಮಿಲಿಆಂಪಿಯರ್ ಆಗಿದೆ. ಅದು ನೋಡ್‌ನಿಂದ ಹೊರಗೆ ಹೋಗುತ್ತಿಲ್ಲ, ಒಳಗೆ ಬರುತ್ತಿದೆ. ದಿಕ್ಕನ್ನು ಊಹಿಸುವ ಶ್ರಮವನ್ನು ಸಮೀಕರಣವೇ ತಪ್ಪಿಸಿತು.

ಎರಡು ನೋಡ್‌ಗಳ ನಡುವೆ, ಯಾವುದೂ ಗ್ರೌಂಡ್ ಅಲ್ಲದಿರುವಾಗ, ರೋಧಕವಿಲ್ಲದ ವೋಲ್ಟೇಜ್ ಆಕರ ಬಂದರೆ ಈ ರೂಪ ತೊಡಕಿಗೆ ಸಿಲುಕುತ್ತದೆ, ಏಕೆಂದರೆ ಆಕರದ ಪ್ರವಾಹವನ್ನು ವೋಲ್ಟೇಜ್‌ಗಳಿಂದ ಬರೆಯಲು ಬರುವುದಿಲ್ಲ. ಆಗ ಎರಡೂ ನೋಡ್‌ಗಳನ್ನು ಆಕರದ ಸಮೇತ ಒಂದು ಗೆರೆಯಿಂದ ಸುತ್ತುವರಿದು, ಆ ಗೆರೆಯನ್ನು ದಾಟುವ ಪ್ರವಾಹಗಳಿಗೆ ಒಂದು ಸಮೀಕರಣವನ್ನೂ, ಎರಡು ನೋಡ್‌ಗಳ ವ್ಯತ್ಯಾಸ ಆಕರದ ವೋಲ್ಟೇಜ್‌ಗೆ ಸಮ ಎಂಬ ಇನ್ನೊಂದು ಸಮೀಕರಣವನ್ನೂ ಬರೆಯಬೇಕು. ಇದನ್ನೇ ಸೂಪರ್‌ನೋಡ್ ಎನ್ನುತ್ತಾರೆ. ಎರಡನೆಯ ಸಮೀಕರಣವನ್ನು ಮರೆಯುವುದು ಇಲ್ಲಿನ ಸಾಮಾನ್ಯ ತಪ್ಪು. ತಿಳಿಯದ ಅಂಕಿಗಳೆಷ್ಟು, ಸಮೀಕರಣಗಳೆಷ್ಟು ಎಂದು ಎಣಿಸಿದ ಬಳಿಕವೇ ಬಿಡಿಸಲು ತೊಡಗುವಂತೆ ಮಾಡಿದರೆ ಅದು ತಪ್ಪುತ್ತದೆ.

ಶಕ್ತಿಯ ತಾಳೆ

ಉತ್ತರ ಬಂದ ಮೇಲೆ ಪ್ರತಿ ಘಟಕದ ಶಕ್ತಿಯನ್ನು ಬರೆಸಿ. 18 ವೋಲ್ಟ್‌ನ ಆಕರ ಕೊಡುವುದು 18 × 2 = 36 ಮಿಲಿವ್ಯಾಟ್. 3 ಕಿಲೋಓಮ್ ಹೀರುವುದು 6 × 2 = 12, 12 ಕಿಲೋಓಮ್ ಹೀರುವುದು 12 × 1 = 12, 6 ಕಿಲೋಓಮ್ ಹೀರುವುದು 6 × 1 = 6, ಮತ್ತು 6 ವೋಲ್ಟ್‌ನ ಆಕರ ಹೀರುವುದು 6 × 1 = 6 ಮಿಲಿವ್ಯಾಟ್. ಹೀರಿದ್ದರ ಮೊತ್ತ 36. ಎರಡು ನಿಮಿಷದ ಈ ಕೆಲಸ ಚಿಹ್ನೆಯ ತಪ್ಪುಗಳಲ್ಲಿ ಹೆಚ್ಚಿನವನ್ನು ಹಿಡಿಯುತ್ತದೆ. ಮನೆಗೆಲಸದ ಪ್ರತಿ ಲೆಕ್ಕದ ಕೊನೆಯಲ್ಲಿ ಇದಕ್ಕೆ ಅಂಕ ಮೀಸಲಿಡುವುದು ಸೂಕ್ತ. ಅಂಕವಿಲ್ಲದ ಕೆಲಸವನ್ನು ಯಾರೂ ಮಾಡುವುದಿಲ್ಲ.

ಸರಣಿ, ಸಮಾಂತರ ಮತ್ತು ವಿಭಾಜಕಗಳು

ಈಗ ಈ ಸೂತ್ರಗಳನ್ನು ನೋಡ್ ಸಮೀಕರಣದಿಂದಲೇ ಹೊರಡಿಸಿ ತೋರಿಸಬಹುದು, ಹೆಚ್ಚು ಹೊತ್ತು ಬೇಡ. ಒಂದು ಎಚ್ಚರಿಕೆ ಮಾತ್ರ ಮುಖ್ಯ. ವೋಲ್ಟೇಜ್ ವಿಭಾಜಕದ ಸೂತ್ರವು ಎರಡು ರೋಧಕಗಳಲ್ಲೂ ಒಂದೇ ಪ್ರವಾಹ ಹರಿಯುವಾಗ ಮಾತ್ರ ಸಲ್ಲುತ್ತದೆ. ನಮ್ಮ ಮಂಡಲದಲ್ಲಿ 18 × 12 ÷ 15 = 14.4 ವೋಲ್ಟ್ ಎಂದು ಬರೆಯುವವರು ಇದ್ದೇ ಇರುತ್ತಾರೆ; ಬಲಗಡೆಯ ಕವಲು 1 ಮಿಲಿಆಂಪಿಯರ್ ಎಳೆದುಕೊಳ್ಳುತ್ತಿರುವುದನ್ನು ಅವರು ಕಡೆಗಣಿಸಿರುತ್ತಾರೆ.

ಮೆಶ್ ವಿಧಾನ

ಮೆಶ್ ಎಂದರೆ ಚಿತ್ರದಲ್ಲಿ ತಂತಿಗಳು ಸುತ್ತುವರಿದ ಕಿಂಡಿ. ಎಡ ಮತ್ತು ಬಲ ಕಿಂಡಿಗಳಲ್ಲಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಐ1, ಐ2 ಎಂಬ ಸುತ್ತುವ ಪ್ರವಾಹಗಳನ್ನು ಇಟ್ಟುಕೊಳ್ಳಿ. ಎಡ ಸುತ್ತಿನಿಂದ 15 ಐ1 − 12 ಐ2 = 18, ಬಲ ಸುತ್ತಿನಿಂದ −12 ಐ1 + 18 ಐ2 = −6. ಉತ್ತರ ಐ1 = 2, ಐ2 = 1 ಮಿಲಿಆಂಪಿಯರ್. ನಡುವಿನ ಕವಲಿನ ಪ್ರವಾಹ ಇವೆರಡರ ವ್ಯತ್ಯಾಸ, ಅಂದರೆ 1 ಮಿಲಿಆಂಪಿಯರ್. ಅ ನೋಡ್‌ನಲ್ಲಿ ಮತ್ತೆ 12 ವೋಲ್ಟ್.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಹಾಕಿ: ಇದೇ ಮಂಡಲಕ್ಕೆ ಯಾವ ವಿಧಾನದಲ್ಲಿ ಕಡಿಮೆ ಸಮೀಕರಣಗಳು? ನೋಡ್ ವಿಧಾನದಲ್ಲಿ ಒಂದು, ಮೆಶ್‌ನಲ್ಲಿ ಎರಡು. ಪ್ರವಾಹ ಆಕರಗಳು ಮಂಡಲದ ಹೊರ ಅಂಚುಗಳಲ್ಲಿದ್ದರೆ ಮೆಶ್ ಗೆಲ್ಲುತ್ತದೆ, ಏಕೆಂದರೆ ಆ ಮೆಶ್‌ನ ಪ್ರವಾಹ ಮೊದಲೇ ತಿಳಿದಿರುತ್ತದೆ. ವೋಲ್ಟೇಜ್ ಆಕರಗಳ ಒಂದು ತುದಿ ಗ್ರೌಂಡಿನಲ್ಲಿದ್ದರೆ ನೋಡ್ ಗೆಲ್ಲುತ್ತದೆ. ತಂತಿಗಳು ಒಂದರ ಮೇಲೊಂದು ದಾಟದೆ ಸಮತಲದಲ್ಲಿ ಬರೆಯಲಾಗದ ಮಂಡಲಕ್ಕೆ ಮೆಶ್ ವಿಧಾನ ಸಲ್ಲುವುದೇ ಇಲ್ಲ. ಸಮೀಕರಣ ಬರೆಯುವ ಮೊದಲು ಈ ಎಣಿಕೆಯನ್ನು ಎರಡು ಸಾಲಿನಲ್ಲಿ ಬರೆಸುವುದರಿಂದ ವಿಧಾನವನ್ನು ಆರಿಸುವ ವಿವೇಕ ಬೆಳೆಯುತ್ತದೆ.

ಸೂಪರ್‌ಪೊಸಿಷನ್

ಆಕರಗಳನ್ನು ಒಂದೊಂದಾಗಿ ಉಳಿಸಿಕೊಂಡು ಉಳಿದವುಗಳನ್ನು ಸೊನ್ನೆ ಮಾಡುವುದು ಇಲ್ಲಿನ ಕ್ರಮ. ವೋಲ್ಟೇಜ್ ಆಕರವನ್ನು ಸೊನ್ನೆ ಮಾಡುವುದೆಂದರೆ ಅದರ ಜಾಗದಲ್ಲಿ ತಂತಿಯನ್ನು ಇಡುವುದು, ಪ್ರವಾಹ ಆಕರವನ್ನು ಸೊನ್ನೆ ಮಾಡುವುದೆಂದರೆ ಅದನ್ನು ಕಿತ್ತು ಜಾಗವನ್ನು ತೆರೆದಿಡುವುದು. ಬಾಯಿಪಾಠ ಮಾಡಿಸುವ ಬದಲು ಕಾರಣ ಕೇಳಿ: ಸೊನ್ನೆ ವೋಲ್ಟ್ ಇರುವ, ಎಷ್ಟು ಪ್ರವಾಹವನ್ನಾದರೂ ಬಿಡುವ ವಸ್ತು ಯಾವುದು?

18 ವೋಲ್ಟ್ ಒಂದೇ ಇದ್ದಾಗ 12 ಮತ್ತು 6 ಕಿಲೋಓಮ್ ಸಮಾಂತರವಾಗಿ 4 ಕಿಲೋಓಮ್ ಆಗುತ್ತವೆ; ಅ ನೋಡ್‌ನಲ್ಲಿ 18 × 4 ÷ 7 = 72/7 ವೋಲ್ಟ್. 6 ವೋಲ್ಟ್ ಒಂದೇ ಇದ್ದಾಗ 3 ಮತ್ತು 12 ಸೇರಿ 2.4 ಕಿಲೋಓಮ್, ಅ ನೋಡ್‌ನಲ್ಲಿ 6 × 2.4 ÷ 8.4 = 12/7 ವೋಲ್ಟ್. ಮೊತ್ತ 84/7, ಅಂದರೆ ಅದೇ 12.

ಕೂಡಲೇ ಶಕ್ತಿಯನ್ನೂ ಹೀಗೆ ಕೂಡಿಸಲು ಹೇಳಿ ನೋಡಿ. 12 ಕಿಲೋಓಮ್‌ನಲ್ಲಿ ಮೊದಲ ಆಕರದಿಂದ ಸುಮಾರು 8.82 ಮಿಲಿವ್ಯಾಟ್, ಎರಡನೆಯದರಿಂದ ಸುಮಾರು 0.24, ಮೊತ್ತ ಸುಮಾರು 9.06, ನಿಜವಾದದ್ದು 12. ವರ್ಗ ಮಾಡಿ ಕೂಡಿಸುವುದಕ್ಕೂ ಕೂಡಿಸಿ ವರ್ಗ ಮಾಡುವುದಕ್ಕೂ ಇರುವ ವ್ಯತ್ಯಾಸ ಈ ಅಂಕಿಗಳಲ್ಲಿ ಎದ್ದು ಕಾಣುತ್ತದೆ. ನಿಜ ಹೇಳಬೇಕೆಂದರೆ, ಕೈಲೆಕ್ಕದ ಸಾಧನವಾಗಿ ಸೂಪರ್‌ಪೊಸಿಷನ್ ಅಷ್ಟೇನೂ ಉಪಯುಕ್ತವಲ್ಲ. ಒಂದು ನೋಡ್ ಸಮೀಕರಣದ ಕೆಲಸಕ್ಕೆ ಎರಡು ಮಂಡಲಗಳನ್ನು ಬಿಡಿಸಬೇಕಾಯಿತು. ಯಾವ ಆಕರದಿಂದ ಎಷ್ಟು ಪರಿಣಾಮ ಎಂದು ತಿಳಿಯಬೇಕಾದಾಗ ಅದರ ಬೆಲೆ ಗೊತ್ತಾಗುತ್ತದೆ.

ಥೆವೆನಿನ್ ಮತ್ತು ನಾರ್ಟನ್

ಥೆವೆನಿನ್ ಫ್ರಾನ್ಸಿನ ಟೆಲಿಗ್ರಾಫ್ ಎಂಜಿನಿಯರ್. ಆಕರ ಮತ್ತು ರೋಧಕಗಳ ಮಂಡಲವನ್ನು ಎರಡು ತುದಿಗಳಿಂದ ನೋಡಿದರೆ ಅದು ಒಂದೇ ವೋಲ್ಟೇಜ್ ಆಕರ ಮತ್ತು ಅದರ ಸರಣಿಯಲ್ಲಿ ಒಂದೇ ರೋಧಕ ಇದ್ದಂತೆ ವರ್ತಿಸುತ್ತದೆ ಎಂಬ ಪ್ರಮೇಯವನ್ನು 1883ರಲ್ಲಿ ಪ್ರಕಟಿಸಿದ. ಮೂವತ್ತು ವರ್ಷ ಮೊದಲೇ ಹೆಲ್ಮ್‌ಹೋಲ್ಟ್ಸ್ ಇದೇ ಫಲಿತಾಂಶವನ್ನು ಹೇಳಿದ್ದ. ಪ್ರವಾಹ ಆಕರ ಮತ್ತು ಅದಕ್ಕೆ ಸಮಾಂತರವಾಗಿ ಒಂದು ರೋಧಕವಿರುವ ಅದರ ಸಮಜೋಡಿಯನ್ನು ಬೆಲ್ ಪ್ರಯೋಗಾಲಯದ ನಾರ್ಟನ್ 1926ರಲ್ಲಿ ಬರೆದ. ಈ ಪ್ರಮೇಯಕ್ಕೆ ಪ್ರೇರಣೆ ಕೊಡುವ ಪ್ರಶ್ನೆಯನ್ನು ಮೊದಲು ಕೇಳಬೇಕು: 12 ಕಿಲೋಓಮ್‌ನ ಜಾಗದಲ್ಲಿ ಹತ್ತು ಬೇರೆ ಬೇರೆ ರೋಧಕಗಳನ್ನು ಹಾಕಿದರೆ ಹತ್ತು ಸಲ ಮಂಡಲವನ್ನು ಬಿಡಿಸಬೇಕೇ?

12 ಕಿಲೋಓಮನ್ನು ಕಿತ್ತಿಡಿ. ಈಗ ಉಳಿದ ಸುತ್ತಿನಲ್ಲಿ ಪ್ರವಾಹ (18 − 6) ÷ 9 = 4/3 ಮಿಲಿಆಂಪಿಯರ್; ಅ ನೋಡ್‌ನಲ್ಲಿ 18 − 4 = 14 ವೋಲ್ಟ್. ಇದು ಥೆವೆನಿನ್ ವೋಲ್ಟೇಜ್. ಆಕರಗಳನ್ನು ಸೊನ್ನೆ ಮಾಡಿದರೆ 3 ಮತ್ತು 6 ಸಮಾಂತರವಾಗಿ 2 ಕಿಲೋಓಮ್. ಸರಣಿಯಲ್ಲಿವೆ ಎಂದು ಕಂಡ ರೋಧಕಗಳೇ ಅ ನೋಡ್‌ನಿಂದ ನೋಡಿದಾಗ ಸಮಾಂತರವಾಗಿವೆ. ಬಣ್ಣದ ಪೆನ್ಸಿಲನ್ನು ಇನ್ನೊಮ್ಮೆ ತೆಗೆಯಲು ಇದು ಸರಿಯಾದ ಸಮಯ. ಈಗ 12 ಕಿಲೋಓಮನ್ನು ಮರಳಿ ಇಟ್ಟರೆ 14 × 12 ÷ 14 = 12 ವೋಲ್ಟ್. 5 ಕಿಲೋಓಮ್ ಇಟ್ಟರೆ ಒಂದೇ ಸಾಲಿನಲ್ಲಿ 10 ವೋಲ್ಟ್. 2 ಕಿಲೋಓಮ್ ಇಟ್ಟರೆ 7 ವೋಲ್ಟ್ ಮತ್ತು 24.5 ಮಿಲಿವ್ಯಾಟ್, ಈ ಎರಡು ತುದಿಗಳಿಂದ ಯಾವ ರೋಧಕವೂ ಇದಕ್ಕಿಂತ ಹೆಚ್ಚು ಶಕ್ತಿಯನ್ನು ಎಳೆಯಲಾರದು. ಅ ನೋಡನ್ನು ಗ್ರೌಂಡಿಗೆ ತಂತಿಯಿಂದ ಸೇರಿಸಿದರೆ 18 ÷ 3 + 6 ÷ 6 = 7 ಮಿಲಿಆಂಪಿಯರ್; ಅದು ನಾರ್ಟನ್ ಪ್ರವಾಹ, ಮತ್ತು 7 × 2 = 14 ಎಂಬುದು ಮೂರೂ ಅಂಕಿಗಳ ತಾಳೆ. ಮೂರರಲ್ಲಿ ಎರಡನ್ನು ಕಂಡುಹಿಡಿದು ನಿಲ್ಲಿಸದೆ ಮೂರನ್ನೂ ಕಂಡುಹಿಡಿಯಲು ಹೇಳಿ.

ನಿಜವಾದ ತೊಡಕು ಅವಲಂಬಿತ ಆಕರಗಳಲ್ಲಿದೆ, ಅದಕ್ಕೂ ಇದೇ ಮಂಡಲ ಸಾಕು. 6 ವೋಲ್ಟ್‌ನ ಆಕರವನ್ನು ತೆಗೆದು, ಅ ನೋಡ್‌ನ ವೋಲ್ಟೇಜ್‌ನ ಅರ್ಧದಷ್ಟು ವೋಲ್ಟೇಜ್ ಕೊಡುವ ಅವಲಂಬಿತ ಆಕರವನ್ನು ಇಡಿ. ನೋಡ್ ಸಮೀಕರಣದಿಂದ ಮತ್ತೆ 12 ವೋಲ್ಟ್ ಬರುತ್ತದೆ, ಏಕೆಂದರೆ 12ರ ಅರ್ಧ 6. ಆದರೆ 12 ಕಿಲೋಓಮ್ ಕಿತ್ತಾಗ ಅ ನೋಡ್‌ನಲ್ಲಿ ಈಗ 14.4 ವೋಲ್ಟ್ ಇರುತ್ತದೆ. ರೋಧಕ್ಕಾಗಿ 18 ವೋಲ್ಟನ್ನು ಮಾತ್ರ ಸೊನ್ನೆ ಮಾಡಿ, ಹೊರಗಿನಿಂದ ‘ವಿ’ ಎಂಬ ಪರೀಕ್ಷಾ ವೋಲ್ಟೇಜ್ ಹಾಕಿದರೆ ಒಳಹೋಗುವ ಪ್ರವಾಹ ವಿ ÷ 3 + (ವಿ ÷ 2) ÷ 6, ಅಂದರೆ 5ವಿ ÷ 12, ರೋಧ 2.4 ಕಿಲೋಓಮ್. ತಾಳೆ ನೋಡಿದರೆ 14.4 × 12 ÷ 14.4 = 12. ಅವಲಂಬಿತ ಆಕರವನ್ನೂ ಸೊನ್ನೆ ಮಾಡಿದ ವಿದ್ಯಾರ್ಥಿಗೆ ರೋಧ 2 ಕಿಲೋಓಮ್ ಎಂದು ಬರುತ್ತದೆ, ಅದರಿಂದ ಸುಮಾರು 12.34 ವೋಲ್ಟ್. ತಪ್ಪು ತಾನೇ ಸಿಕ್ಕಿಬೀಳುತ್ತದೆ. ‘ಅವಲಂಬಿತ ಆಕರವನ್ನು ಸೊನ್ನೆ ಮಾಡಬಾರದು’ ಎಂದು ಹತ್ತು ಸಲ ಹೇಳುವುದಕ್ಕಿಂತ ಈ 0.34 ವೋಲ್ಟ್‌ನ ವ್ಯತ್ಯಾಸವನ್ನು ಒಮ್ಮೆ ಅವರ ಕೈಯಿಂದಲೇ ಹೊರಡಿಸುವುದು ಹೆಚ್ಚು ಫಲ ಕೊಡುತ್ತದೆ.

ಬ್ರೆಡ್‌ಬೋರ್ಡಿನ ಮೇಲೆ

3 ಮತ್ತು 12 ಕಿಲೋಓಮ್ ರೋಧಕಗಳು ಶೇಕಡಾ 5ರಷ್ಟು ಹೆಚ್ಚುಕಡಿಮೆ ಇರಬಹುದಾದ ರೋಧಕಗಳ ಪ್ರಮಾಣಿತ ಸಾಲಿನಲ್ಲಿ ಸಿಗುತ್ತವೆ. 6 ಕಿಲೋಓಮ್ ಆ ಸಾಲಿನಲ್ಲಿಲ್ಲದ ಕಾರಣ ಎರಡು 12 ಕಿಲೋಓಮ್‌ಗಳನ್ನು ಸಮಾಂತರವಾಗಿ ಸೇರಿಸಬಹುದು. ಇಲ್ಲಿ ಒಂದು ಬಲೆ ಇದೆ. ಪ್ರಯೋಗಾಲಯದ ಸಾಮಾನ್ಯ ಪವರ್ ಸಪ್ಲೈಗಳು ಪ್ರವಾಹವನ್ನು ಕೊಡಬಲ್ಲವು, ಆದರೆ ಹೀರಿಕೊಳ್ಳಲಾರವು. ನಮ್ಮ 6 ವೋಲ್ಟ್‌ನ ಆಕರದ ಒಳಕ್ಕೆ 1 ಮಿಲಿಆಂಪಿಯರ್ ನುಗ್ಗಬೇಕಾಗಿರುವುದರಿಂದ, ಹಾಗೆಯೇ ಜೋಡಿಸಿದರೆ ಸಪ್ಲೈಯ ವೋಲ್ಟೇಜ್ 6ಕ್ಕಿಂತ ಮೇಲೇರಿ ಎಲ್ಲ ಅಳತೆಗಳೂ ಕೆಡಬಹುದು. ಪರಿಹಾರವಾಗಿ ಆ ಸಪ್ಲೈಯ ಎರಡು ತುದಿಗಳಿಗೆ ಅಡ್ಡಲಾಗಿ 1 ಕಿಲೋಓಮ್‌ನ ರೋಧಕವನ್ನು ಹಾಕಿ. ಅದು 6 ಮಿಲಿಆಂಪಿಯರ್ ಎಳೆಯುತ್ತದೆ, ಸಪ್ಲೈ 5 ಮಿಲಿಆಂಪಿಯರ್ ಕೊಡುತ್ತದೆ, ಉಳಿದ ಮಂಡಲಕ್ಕೆ ಏನೂ ವ್ಯತ್ಯಾಸವಾಗುವುದಿಲ್ಲ. ಮೊದಲು ಈ ರೋಧಕವಿಲ್ಲದೆ ಅಳೆಯಲು ಬಿಟ್ಟು, ಲೆಕ್ಕಕ್ಕೂ ಅಳತೆಗೂ ಏಕೆ ಹೊಂದುತ್ತಿಲ್ಲ ಎಂದು ಯೋಚಿಸಲು ಬಿಡುವುದು ಒಳ್ಳೆಯ ಪಾಠ.

ಅಳತೆ 12.00 ಎಂದೇ ಬರಬೇಕಾಗಿಲ್ಲ. ಮೂರು ರೋಧಕಗಳೂ ಶೇಕಡಾ 5ರಷ್ಟು ಅತ್ತಿತ್ತ ಇರಬಹುದಾದರೆ ಅ ನೋಡ್‌ನ ವೋಲ್ಟೇಜ್ ಸುಮಾರು 11.65ರಿಂದ 12.34ರವರೆಗೆ ಎಲ್ಲಿಯಾದರೂ ಇರಬಹುದು. ಈ ವ್ಯಾಪ್ತಿಯನ್ನು ಅಳತೆಗೆ ಮೊದಲೇ ಅವರೇ ಲೆಕ್ಕ ಹಾಕಲಿ.

ಸಿಮ್ಯುಲೇಷನ್ ತಂತ್ರಾಂಶವನ್ನು ಕೈಲೆಕ್ಕ ಗಟ್ಟಿಯಾದ ಮೇಲೆ ಕೊಡಿ. 1973ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಹೊರಬಂದ ಸ್ಪೈಸ್ ಎಂಬ ತಂತ್ರಾಂಶ ಕೂಡ ನೋಡ್ ಸಮೀಕರಣಗಳನ್ನೇ ಕಟ್ಟುತ್ತದೆ, ಅದರಲ್ಲಿ ಗ್ರೌಂಡ್‌ಗೆ ಸೊನ್ನೆ ಎಂಬ ಸಂಖ್ಯೆ. ಗ್ರೌಂಡ್ ಗುರುತಿಸದಿದ್ದರೆ ತಂತ್ರಾಂಶ ಏಕೆ ತಪ್ಪು ತೋರಿಸುತ್ತದೆ ಎಂಬುದು ನೋಡ್ ವಿಧಾನ ಬಲ್ಲವರಿಗೆ ಒಗಟಾಗಿ ಉಳಿಯುವುದಿಲ್ಲ.

ಪರ್ಯಾಯ ಪ್ರವಾಹಕ್ಕೆ ದಾಟುವಾಗ

ಸೈನ್ ತರಂಗದ ಆಕರಗಳು, ಕೆಪಾಸಿಟರ್, ಇಂಡಕ್ಟರ್ ಬಂದಾಗ ರೋಧದ ಜಾಗದಲ್ಲಿ ಇಂಪಿಡೆನ್ಸ್ ಎಂಬ ಸಂಕೀರ್ಣ ಸಂಖ್ಯೆ ಕೂರುತ್ತದೆ. ನೋಡ್ ಸಮೀಕರಣದ ರೂಪ ಬದಲಾಗುವುದಿಲ್ಲ. ಸಂಕೀರ್ಣ ಸಂಖ್ಯೆಗಳ ಅಭ್ಯಾಸವಿಲ್ಲದವರಿಗೆ ಒಂದು ಗಂಟೆ ಅದಕ್ಕೇ ಮೀಸಲಿಡಿ, ಮಂಡಲದ ಪಾಠದ ನಡುವೆ ಅದನ್ನು ತುರುಕಬೇಡಿ. ಎಲ್ಲ ಆಕರಗಳ ಆವರ್ತನವೂ ಒಂದೇ ಆಗಿದ್ದಾಗ ಮಾತ್ರ ಒಂದೇ ಸಮೀಕರಣದಲ್ಲಿ ಅವನ್ನು ಸೇರಿಸಬಹುದು. ಆವರ್ತನಗಳು ಬೇರೆಯಾದರೆ ಸೂಪರ್‌ಪೊಸಿಷನ್ ಅನಿವಾರ್ಯ, ಮತ್ತು ಉತ್ತರಗಳನ್ನು ಕಾಲದ ಫಲನಗಳಾಗಿ ಬರೆದ ಮೇಲೆ ಮಾತ್ರ ಕೂಡಿಸಬೇಕು. ನಮ್ಮ ಮಂಡಲದಲ್ಲೇ 6 ವೋಲ್ಟ್‌ನ ಆಕರದ ಬದಲು 7 ವೋಲ್ಟ್ ಪಾರವುಳ್ಳ (ಪಾರ ಎಂದರೆ ತರಂಗದ ಗರಿಷ್ಠ ಬೆಲೆ) ಸೈನ್ ತರಂಗದ ಆಕರವನ್ನು ಇಟ್ಟರೆ, ಬಲಗಡೆಯ ಆಕರದ ಪಾಲು ಅ ನೋಡ್‌ನಲ್ಲಿ 2/7 ಎಂದು ಮೊದಲೇ ಗೊತ್ತಿರುವುದರಿಂದ, ಅಲ್ಲಿ 72/7 ವೋಲ್ಟ್‌ನ ಸ್ಥಿರ ಭಾಗವೂ 2 ವೋಲ್ಟ್ ಪಾರದ ಸೈನ್ ತರಂಗವೂ ಇರುತ್ತವೆ. ಇಂಥ ಸಂದರ್ಭದಲ್ಲಿ ಸರಾಸರಿ ಶಕ್ತಿಗಳನ್ನು ಕೂಡಿಸಬಹುದು: 12 ಕಿಲೋಓಮ್‌ನಲ್ಲಿ ಸ್ಥಿರ ಭಾಗದಿಂದ ಸುಮಾರು 8.82, ತರಂಗದಿಂದ ಸುಮಾರು 0.17, ಒಟ್ಟು ಸುಮಾರು 8.98 ಮಿಲಿವ್ಯಾಟ್. ಹಿಂದೆ ಕೂಡಿಸಬಾರದೆಂದು ತೋರಿಸಿದ್ದ ಶಕ್ತಿಯನ್ನು ಇಲ್ಲಿ ಕೂಡಿಸಲು ಬರುವುದೇಕೆ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳಿಗೇ ಬಿಡಿ. ವರ್ಗವನ್ನು ಬಿಡಿಸಿ ಬರೆದು, ನಡುವಿನ ಗುಣಲಬ್ಧದ ಪದಕ್ಕೆ ಒಂದು ಪೂರ್ಣ ಆವರ್ತದಲ್ಲಿ ಸರಾಸರಿ ತೆಗೆದರೆ ಸೊನ್ನೆ ಬರುವುದನ್ನು ಅವರು ಕಾಣುತ್ತಾರೆ.